ನಳಿಗೆ ನೋಡದ ಹೊಗಳಿಕೆ

ಹೊಳೆನರಸೀಪುರ, ಅರಕಲಗೂಡು ಕಡೆಯ ಮನೆಗಳಲ್ಲಿ ಕೋವಿಯ ಮಾತು ಬಂದಾಗ ಯಾರಾದರೊಬ್ಬರು "ನಮ್ದು ಮಿಲ್ಟ್ರಿ ರೈಫಲ್ಲು" ಅಂದರೆ ಉಳಿದವರು ಸುಮ್ಮನಾಗುತ್ತಾರೆ. ಜೋಡಿ ನಳಿಗೆಯ ಹನ್ನೆರಡು ಬೋರಿಗೆ ಎಂದೂ ಸಿಗದ ಮರ್ಯಾದೆ ಆ ಒಂದು ಮಾತಿಗೆ ಸಿಕ್ಕಿಬಿಡುತ್ತದೆ. ಈ ಮರ್ಯಾದೆಯ ಬಹುಪಾಲು ಯಾವ ಪರೀಕ್ಷೆಯನ್ನೂ ಎದುರಿಸದೆ ಬಂದದ್ದು ಎಂಬುದು ನನ್ನ ತಕರಾರು. ಹಳೇಕೋಟೆ ಹೋಬಳಿಯ ಮನೆಯೊಂದಕ್ಕೆ ಅರಕಲಗೂಡು ಕಡೆಯ ಮಾವನವರಿಂದ ಬರಲಿರುವ ಇಂಥದೊಂದು ರೈಫಲ್ಲನ್ನು ಈಚೆಗೆ ಬಿಚ್ಚಿ ನೋಡುವ ಅವಕಾಶ ಸಿಕ್ಕಿತು. ಆ ತಕರಾರು ಗಟ್ಟಿಯಾದದ್ದು ಆಗಲೇ.

ಮೊದಲಿಗೆ 'ಮಿಲಿಟರಿ' ಎಂಬುದೇ ಅರ್ಧ ಸತ್ಯ. ಸೈನ್ಯದ .303 ನಮ್ಮಲ್ಲಿ ನಿಷೇಧಿತ ಬೋರು. ಸಾಮಾನ್ಯ ಲೈಸೆನ್ಸಿನ ಮೇಲೆ ಅದನ್ನು ಇಟ್ಟುಕೊಳ್ಳುವಂತಿಲ್ಲ. ಸೈನ್ಯದ ತೋಟಾ ಜನರ ಕೋವಿಗೆ ಹೊಂದಬಾರದು ಎಂಬುದು ಬ್ರಿಟಿಷರ ಕಾಲದ ಭಯ. ಆ ಭಯದಿಂದಲೇ .315 ಎಂಬ ಅಳತೆಗೆ ಇಲ್ಲಿ ಮಾರುಕಟ್ಟೆ ಹುಟ್ಟಿತು. ಮೊದಲು ಬಿ.ಎಸ್.ಎ. ಕಂಪನಿ, ಆಮೇಲೆ ಬಂಗಾಳದ ಇಷಾಪುರದ ಸರ್ಕಾರಿ ಕಾರ್ಖಾನೆ ಈ ರೈಫಲ್ಲುಗಳನ್ನು ಮಾಡಿದವು. ತೋಟಾದ ಮೂಲ ಆಸ್ಟ್ರಿಯಾದ ಮಾನ್‌ಲಿಖರ್. ಚೌಕಟ್ಟು, ಬೋಲ್ಟು ಎನ್‌ಫೀಲ್ಡ್ ವಂಶದವು. ನಾನು ನೋಡಿದ್ದೂ ಇಷಾಪುರದ .315. ಅದು ಯುದ್ಧ ಕಂಡದ್ದಲ್ಲ, ಯುದ್ಧ ಕಂಡ ರೈಫಲ್ಲಿನ ದಾಯಾದಿ. ಮನೆಯವರು ಮಾತ್ರ ಅದಕ್ಕೆ ಬರ್ಮಾ ಯುದ್ಧದ ಕತೆಯನ್ನೂ ಅಂಟಿಸಿದ್ದರು.

ಕತೆ ಇರಲಿ. ನೋಡಬೇಕಾದದ್ದು ನಳಿಗೆ. ಕೋವಿ ನೋಡಲು ಬಂದವರೆಲ್ಲ ಮರದ ಬಟ್ಟನ್ನು ಸವರುತ್ತಾರೆ, ಮೇಲಿನ ಮುದ್ರೆ ಓದುತ್ತಾರೆ, ಬೋಲ್ಟನ್ನು ಎರಡು ಸಲ ಎಳೆದು ತಳ್ಳಿ "ಏನ್ ಸ್ಮೂತಾಗಿದೆ ನೋಡಿ" ಅನ್ನುತ್ತಾರೆ. ಎನ್‌ಫೀಲ್ಡ್ ಬೋಲ್ಟು ಎಷ್ಟು ಸವೆದರೂ ನುಣುಪಾಗಿಯೇ ಜಾರುತ್ತದೆ; ಸವೆದಷ್ಟೂ ಹೆಚ್ಚು ಜಾರುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. ಕೋವಿ ಖಾಲಿ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತ ಮಾಡಿಕೊಂಡು, ಬೋಲ್ಟನ್ನು ಪೂರ್ತಿ ಹೊರತೆಗೆದು, ಹಿಂದಿನಿಂದ ಬೆಳಕಿಗೆ ಹಿಡಿದು ಒಳಮೈ ನೋಡಬೇಕು. ನೋಡುವ ಮೊದಲು ಒಣ ಬಟ್ಟೆ ಎಳೆದು ಎಣ್ಣೆ ತೆಗೆಯಬೇಕು, ಏಕೆಂದರೆ ಎಣ್ಣೆ ಹೊಳಪು ಕೊಟ್ಟು ತಗ್ಗುಗಳನ್ನು ಮುಚ್ಚುತ್ತದೆ. ಈ ರೈಫಲ್ಲಿನಲ್ಲಿ ಎಣ್ಣೆ ಇದ್ದಾಗ ಕಂಡ ನಳಿಗೆಯೇ ಬೇರೆ, ಒರೆಸಿದ ಮೇಲೆ ಕಂಡ ನಳಿಗೆಯೇ ಬೇರೆ. ಚೇಂಬರಿನಿಂದ ಮುಂದಕ್ಕೆ ಮೂರ್ನಾಲ್ಕು ಅಂಗುಲ ಸುರುಳಿ ಗೀರುಗಳ ಅಂಚು ಮಂಕಾಗಿತ್ತು. ನಡುವೆ ಉದ್ದಕ್ಕೂ ಕಪ್ಪು ಚುಕ್ಕಿ, ಕೆಲವೆಡೆ ಚುಕ್ಕಿಗಳು ಕೂಡಿ ಕುಳಿಗಳಾಗಿದ್ದವು.

ಈ ಕುಳಿಗಳು ಬಂದದ್ದು ಅಲಕ್ಷ್ಯದಿಂದಲ್ಲ. ಮಾವನವರು ಗುಂಡು ಹಾರಿಸಿದಾಗಲೆಲ್ಲ ಗಜ ಹಾಕಿ ಎಣ್ಣೆ ಹಚ್ಚಿದವರೇ. ಆದರೆ ಹಳೆಯ ಮಿಲಿಟರಿ ತೋಟಾಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು, ಹಳೇ ದಾಸ್ತಾನಿನ .315 ತೋಟಾಗಳೂ ಅಂಥವೇ ಎಂದು ಭಾವಿಸಿ ನಡೆಯುವುದು ಕ್ಷೇಮ. ಅದು ಉರಿದ ಮೇಲೆ ನಳಿಗೆಯಲ್ಲಿ ಒಂದು ಬಗೆಯ ಉಪ್ಪು ಉಳಿಯುತ್ತದೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಅದು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಬ್ರಿಟಿಷ್ ಸೈನ್ಯದವರು ನಳಿಗೆಗೆ ಕುದಿಯುವ ನೀರು ಹೊಯ್ಯಲೆಂದೇ ಆಲಿಕೆ ಇಟ್ಟುಕೊಂಡಿದ್ದರು. ನಮ್ಮವರಿಗೆ ಕಬ್ಬಿಣಕ್ಕೆ ನೀರು ತಾಗಿಸುವುದೆಂದರೆ ಜೀವ ಹೋದಂತೆ. ಹಾಗಾಗಿ ಉಪ್ಪಿನ ಮೇಲೆಯೇ ಎಣ್ಣೆ ಹಚ್ಚಿ, ಚೀಲಕ್ಕೆ ಹಾಕಿ, ಅಟ್ಟದಲ್ಲಿಟ್ಟರು. ತುಂಬ ಪ್ರೀತಿಯಿಂದ ನೋಡಿಕೊಂಡ ಎಷ್ಟೋ ರೈಫಲ್ಲುಗಳು ಹೀಗೆಯೇ ಹಾಳಾಗಿವೆ.

ನಳಿಗೆಯ ಬಾಯಿಯೂ ಅಷ್ಟೇ ಮುಖ್ಯ. ನಳಿಗೆ ಒರೆಸುವ ಪುಲ್‌ತ್ರೂ ಹಗ್ಗವನ್ನು ಓರೆಯಾಗಿ ಎಳೆದೆಳೆದು ಬಾಯಿ ಒಂದು ಕಡೆಗೆ ಸವೆದಿದ್ದರೆ ಗುಂಡು ಕಡೆಯ ಗಳಿಗೆಯಲ್ಲಿ ಹಿಡಿತ ತಪ್ಪುತ್ತದೆ. ಇಲ್ಲಿ ಆ ಸವೆತ ಬರಿಗಣ್ಣಿಗೇ ಕಾಣುತ್ತಿತ್ತು. ಬೋಲ್ಟಿನ ಮೇಲಿನ ನಂಬರಿಗೂ ಚೌಕಟ್ಟಿನ ನಂಬರಿಗೂ ತಾಳೆಯಿತ್ತು, ಅದೊಂದು ಸಮಾಧಾನ. ಎನ್‌ಫೀಲ್ಡ್ ಬಗೆಯ ಬೋಲ್ಟನ್ನು ಆಯಾ ಚೌಕಟ್ಟಿಗೇ ಹೊಂದಿಸಿ ಕೂರಿಸಿರುತ್ತಾರೆ. ಬೇರೆಯದನ್ನು ತಂದು ಹಾಕಿದ್ದರೆ ನುರಿತ ಮಿಸ್ತ್ರಿ ಗೇಜು ಹಾಕಿ ನೋಡುವ ತನಕ ಗುಂಡು ಹಾರಿಸಲೇಬಾರದು.

ಈಗ ಹೊಗಳುವವರ ವಿಷಯ. 1914ರಲ್ಲಿ ಮಾನ್ಸ್ ಕದನದಲ್ಲಿ ಎನ್‌ಫೀಲ್ಡ್ ಹಿಡಿದ ಬ್ರಿಟಿಷ್ ಸಿಪಾಯಿಗಳ ಗುಂಡಿನ ವೇಗ ಕಂಡು ಜರ್ಮನರು ಮೆಷಿನ್‌ಗನ್ ಎಂದುಕೊಂಡರು ಎಂಬ ಮಾತನ್ನು ಇವರು ಪ್ರತಿ ಬಾರಿಯೂ ತರುತ್ತಾರೆ. ಆ ವೇಗ ಬಂದದ್ದು ಹತ್ತು ಗುಂಡಿನ ಮ್ಯಾಗಜೀನಿನಿಂದ, ಅದಕ್ಕಿಂತ ಹೆಚ್ಚಾಗಿ ವರ್ಷಗಟ್ಟಲೆಯ ತಾಲೀಮಿನಿಂದ. ನಮ್ಮ .315ಕ್ಕೆ ಹಿಡಿಸುವುದು ಐದೇ ಗುಂಡು, ಅದರ ಒಡೆಯರು ವರ್ಷಕ್ಕೆ ಹಾರಿಸುವುದು ಅದಕ್ಕಿಂತ ಹೆಚ್ಚಲ್ಲ. ಇನ್ನು ಕೆಲವರು ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕತೆಗಳನ್ನು ಸಾಕ್ಷಿಗೆ ಕರೆಯುತ್ತಾರೆ. ಆಂಡರ್ಸನ್ ಹಿಡಿದದ್ದು .405 ವಿಂಚೆಸ್ಟರ್, ಸೈನ್ಯದ ರೈಫಲ್ಲಲ್ಲ. ಆ ಕತೆಗಳನ್ನು ಗಮನವಿಟ್ಟು ಓದಿದವರಿಗೆ ನೆನಪಿನಲ್ಲಿ ಉಳಿಯುವುದು ಮಚಾನಿನ ಮೇಲೆ ಅಲುಗಾಡದೆ ಕೂತ ರಾತ್ರಿಗಳು, ಹೆಜ್ಜೆ ಗುರುತು ಓದುವ ಕಣ್ಣು. ರೈಫಲ್ಲನ್ನು ನಾಯಕನ ಜಾಗದಲ್ಲಿ ಕೂರಿಸಿದ್ದು ಓದುಗರು. ಮೂರನೆಯ ಬಗೆಯವರು ಕೊಡಗನ್ನು ತೋರಿಸುತ್ತಾರೆ. ಅಲ್ಲಿ ಆಯುಧಗಳ ಹಬ್ಬವಾದ ಕೈಲ್ ಪೊಳ್ದಿನ ದಿನ ಕೋವಿಗೆ ಹೂವಿಟ್ಟು ಪೂಜಿಸುವುದು ನಿಜ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇರುವುದೂ, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದದ್ದೂ ನಿಜ. ಆದರೆ ಅಲ್ಲಿ ಕೋವಿ ಬದುಕಿನ ಆಚರಣೆಯೊಳಗಿದೆ, ಹುಟ್ಟಿಗೂ ಸಾವಿಗೂ ಸುಗ್ಗಿಯ ಪುತ್ತರಿಗೂ ಸಿಡಿಯುತ್ತದೆ. ಆ ಗೌರವವನ್ನು ಹಳೇಕೋಟೆಯ ಅಟ್ಟಕ್ಕೆ ಎರವಲು ತರಲಾಗದು.

ಈ ರೈಫಲ್ಲನ್ನು ಅಳಿಯನ ಹೆಸರಿಗೆ ಮಾಡಿಸುವ ಕಾನೂನಿನ ಹಾದಿ ಕಷ್ಟದ್ದೇನಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸುದಾರರಿಗೆ 70 ವರ್ಷ ತುಂಬಿದರೆ, ಇಲ್ಲವೇ ಅವರು ಕೋವಿಯನ್ನು 25 ವರ್ಷ ಇಟ್ಟುಕೊಂಡಿದ್ದರೆ ಬದುಕಿರುವಾಗಲೇ ವಾರಸುದಾರರಿಗೆ ಕೊಡಿಸಬಹುದು. ಅಳಿಯನೂ ಆ ಸಾಲಿನಲ್ಲಿದ್ದಾನೆ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ಮೇಲೆ ಒಬ್ಬರಿಗೆ ಎರಡೇ ಕೋವಿ. ಆ ಎರಡರಲ್ಲಿ ಒಂದು ಜಾಗವನ್ನು ಇದಕ್ಕೆ ಕೊಡಬೇಕೆ?

ಬೇಡ ಎನ್ನುತ್ತೇನೆ. ರೈಫಲ್ಲನ್ನು ಚೆನ್ನಾಗಿ ಮಾಡಿದ್ದಾರೆ, ಅದನ್ನು ಒಪ್ಪುತ್ತೇನೆ. ಆದರೆ ಹೇಮಾವತಿ ಬಯಲಿನಲ್ಲಿ ತೆಂಗಿನ ತೋಟ ದಾಟಿದರೆ ಇನ್ನೊಂದು ಊರು. .315ರ ಗುಂಡು ಗುರಿ ತಪ್ಪಿದರೆ ಕಿಲೋಮೀಟರುಗಟ್ಟಲೆ ಹೋಗುತ್ತದೆ, ಅದೂ ಬಾಯಿ ಸವೆದ ನಳಿಗೆಯಿಂದ. ವನ್ಯಜೀವಿ ಕಾಯ್ದೆಯಿಂದಾಗಿ ಕಾಡುಹಂದಿಯನ್ನು ಅನುಮತಿಯಿಲ್ಲದೆ ಹೊಡೆಯುವಂತೆಯೂ ಇಲ್ಲ. ಜೋಳದ ಹೊಲಕ್ಕೆ ಬೇಕಾದದ್ದು ಬೆದರಿಸುವ ಸದ್ದು. ಆ ಕೆಲಸವನ್ನು ಯಾರೂ ಹೊಗಳದ ಹನ್ನೆರಡು ಬೋರು ಕಡಿಮೆ ಖರ್ಚಿನಲ್ಲಿ, ಕಡಿಮೆ ಅಪಾಯದಲ್ಲಿ ಮಾಡುತ್ತದೆ. ಮಾವನವರು ಬದುಕಿರುವಾಗಲೇ, ಅವರ ಒಪ್ಪಿಗೆಯಿಂದ, ಈ ರೈಫಲ್ಲನ್ನು ಲೈಸೆನ್ಸ್ ಇರುವ ಡೀಲರಿಗೆ ಕೊಟ್ಟು ರಸೀದಿ ಪಡೆಯುವುದು ಲೇಸು ಎಂದು ಆ ಮನೆಯವರಿಗೆ ಹೇಳಿದ್ದೇನೆ.