ಓದಲು ಬರುವ ಹಾಗೆ

ಖಡು, ಅಂದರೆ ಸೀಮೆಸುಣ್ಣ, ಇಡಿಯಾಗಿದ್ದರೆ ಹಲಗೆಯ ಮೇಲೆ ಕಿರುಚುತ್ತದೆ. ಅರ್ಧಕ್ಕೆ ಮುರಿದು, ಮುರಿದ ತುದಿಯನ್ನು ತುಸು ಓರೆಯಾಗಿ ಹಿಡಿದರೆ ಸದ್ದಿಲ್ಲದೆ ಹರಿಯುತ್ತದೆ. ನವಲಗುಂದದ ಕಡೆಯ ಎರೆನೆಲದ ಹಳ್ಳಿಗಳಲ್ಲಿ ಮೂವತ್ತೆಂಟು ವರ್ಷ ಕನ್ನಡ ಸಾಲಿ ಮಾಸ್ತರಿಕೆ ಮಾಡಿ, 2001ರಲ್ಲಿ ಐವತ್ತೆಂಟು ತುಂಬಿ ನಿವೃತ್ತರಾದ ನಮ್ಮ ಸೋದರಮಾವ ಈಗಲೂ ಖಡುವನ್ನು ಹಾಗೆಯೇ ಮುರಿಯುತ್ತಾರೆ. ಮನೆಯ ಪಡಸಾಲೆಯ ಗೋಡೆಯಲ್ಲಿ ಮಕ್ಕಳ ಎತ್ತರಕ್ಕೆ ಒಂದು ಕರಿ ಪಟ್ಟಿ ಎಳೆದಿಟ್ಟುಕೊಂಡಿದ್ದಾರೆ. ಸತ್ತ ಬ್ಯಾಟರಿ ಸೆಲ್ಲು ಒಡೆದು ಅದರ ಮಸಿಯನ್ನು ತೊಂಡೆ ಎಲೆಯ ರಸದಲ್ಲಿ ಅರೆದು, ಹಳೆಯ ಪಂಚೆಯ ತುಂಡಿನಿಂದ ಮೇಲಿನಿಂದ ಕೆಳಕ್ಕೆ ಒಂದೇ ದಿಕ್ಕಿನಲ್ಲಿ ಬಳಿಯುತ್ತಾರೆ. ಒಣಗಿದ ಮೇಲೆ ಅಂಗೈಯಿಂದ ಸವರಿ ನೋಡುತ್ತಾರೆ. ಆ ಕಪ್ಪಿನ ಮೇಲೆ ಬಿದ್ದ ಬಿಳಿ ಅಕ್ಷರ ಪಡಸಾಲೆಯ ಕೊನೆಯ ಕಂಬದ ಹತ್ತಿರ ಕೂತವರಿಗೂ ಕಾಣುತ್ತದೆ.

ಚೆಂದದ ಅಕ್ಷರ ಬರೆಯುವವರೆಲ್ಲ ಒಳ್ಳೆಯವರು ಎಂಬ ಮಾತನ್ನು ನಾನು ನಂಬುವುದಿಲ್ಲ. ಆದರೆ ಮಾವ ಬರೆಯುವಾಗ ಅವರ ಮನಸ್ಸು ಎಲ್ಲಿರುತ್ತದೆ ಎಂಬುದನ್ನು ಅವರ ಅಕ್ಷರ ಹೇಳುತ್ತದೆ. ಅದು ಓದುವವರ ಕಡೆಗಿರುತ್ತದೆ. ಒತ್ತಕ್ಷರಕ್ಕೆ ಕೆಳಗೆ ಎಷ್ಟು ಜಾಗ ಬೇಕೆಂದು ಮೊದಲೇ ಲೆಕ್ಕ ಹಾಕಿ ಸಾಲು ಬಿಡುತ್ತಾರೆ. ಅವರ ‘ಸ್ತ್ರೀ’ಯಲ್ಲಿ ಮೂರೂ ವ್ಯಂಜನಗಳು ಉಸಿರಾಡುವಷ್ಟು ಬಿಡುವಾಗಿ ಕೂತಿರುತ್ತವೆ. “ಬರದದ್ದು ಇನ್ನೊಬ್ಬರಿಗೆ ಓದಾಕ ಬರಬೇಕು” ಎನ್ನುವುದು ಅವರು ಮಕ್ಕಳಿಗೆ ಹೇಳುತ್ತ ಬಂದ ಮಾತು. ಅವರ ನಿವೃತ್ತಿಯ ದಿನಗಳನ್ನು ಹತ್ತಿರದಿಂದ ಕಂಡ ನನಗೆ, ಆ ಮಾತು ಹಲಗೆಯಿಂದ ಇಳಿದು ಅವರ ಮನೆಯನ್ನೆಲ್ಲ ಆವರಿಸಿರುವಂತೆ ತೋರುತ್ತದೆ.

ಮೊಮ್ಮಕ್ಕಳು ರಜೆಗೆ ಬಂದರೆ ಆ ಗೋಡೆಯ ಮೇಲೆ ಮೊದಲು ಮೂಡುವುದು ರ, ಗ, ಸ, ದ, ಅ. ನಮ್ಮ ಒಂದನೆಯ ತರಗತಿಯ ಪಠ್ಯ ಹಿಡಿದ ಈ ಕ್ರಮ ಎಷ್ಟು ಸೊಗಸಾದದ್ದು ಎಂದು ಅರಿವಾಗಬೇಕಾದರೆ ಒಂದು ಎಳೆಯ ಬೆರಳಿನ ಪಕ್ಕದಲ್ಲಿ ಕೂರಬೇಕು. ವರ್ಣಮಾಲೆಯ ಸಾಲನ್ನು ಬದಿಗಿಟ್ಟು ಇದು ಕೈ ಹೊರಳುವ ಸಾಲನ್ನು ಹಿಡಿಯುತ್ತದೆ. ರ ಎಂದರೆ ಒಂದು ಸುತ್ತು, ಮೇಲೊಂದು ತಲೆಕಟ್ಟು. ಅಷ್ಟು ಬಂದ ಬೆರಳಿಗೆ ಉಳಿದವು ದೂರವಲ್ಲ. ಐದೇ ಅಕ್ಷರ ಕಲಿತ ಮಗು ಅರಸ, ಅಗಸ, ಸರ, ದರ, ದಸರ ಎಂದು ಓದತೊಡಗುತ್ತದೆ. ಅರಮನೆಯೂ ಹಳ್ಳದ ದಂಡೆಯೂ ಹಬ್ಬವೂ ಅದರ ಕೈಗೆ ಬಂದಾಯಿತು. ಮಾವ ಕೊನೆಗೆ ಇಟ್ಟುಕೊಳ್ಳುವುದು ಗರಗಸ. ಆ ಪದವನ್ನು ಬರೆದು ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಮಗು ಒಂದೊಂದೇ ಅಕ್ಷರ ಹಿಡಿದು ಗ... ರ... ಗ... ಎಂದು ಹೋಗುತ್ತದೆ, ಕೂಡಿಸುತ್ತದೆ, ಮತ್ತೊಮ್ಮೆ ಜೋರಾಗಿ ಅನ್ನುತ್ತದೆ. ಕಟ್ಟಿಗೆ ಕೊಯ್ಯುವ ಸಪ್ಪಳ ತನ್ನ ಬಾಯಿಂದಲೇ ಬಂತೆಂದು ತಿಳಿದಾಗ ಅದರ ಕಣ್ಣು ಅರಳುವುದನ್ನು ನೋಡಬೇಕು. ಮಾವ ಆಗ ಏನೂ ಹೇಳುವುದಿಲ್ಲ. ಖಡುವನ್ನು ಮಗುವಿನ ಕೈಗೆ ಕೊಡುತ್ತಾರೆ.

ಮುಲ್ಕಿ ಪರೀಕ್ಷೆ ಪಾಸಾಗಿ ಕೆಲಸಕ್ಕೆ ಸೇರಿ, ಆಮೇಲೆ ಧಾರವಾಡದ ಟ್ರೇನಿಂಗ್ ಕಾಲೇಜಿಗೆ ಹೋಗಿ ಬಂದ ತಲೆಮಾರು ಅವರದು. ಬಹಳ ವರ್ಷ ಏಕೋಪಾಧ್ಯಾಯ ಶಾಲೆ. ಒಂದು ಖೋಲಿ, ನಾಲ್ಕು ಗೋಡೆ, ನಾಲ್ಕು ಇಯತ್ತೆ. ಒಂದೊಂದು ಗೋಡೆಗೆ ಒಂದೊಂದು ಇಯತ್ತೆಯ ಮುಖ. 1986ರ ಶಿಕ್ಷಣ ನೀತಿಯ ಮರುವರ್ಷ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಶುರುವಾಗಿ, ಒಬ್ಬರೇ ಇದ್ದ ಶಾಲೆಗೆ ಎರಡನೆಯ ಶಿಕ್ಷಕರು ಬರುವ ತನಕ ಅವರ ದಿನ ಹಾಗೆಯೇ ನಡೆಯಿತು. ಎರಡನೆಯ ಇಯತ್ತೆಯವರಿಗೆ ಲೆಕ್ಕ ಕೊಟ್ಟು, ನಾಲ್ಕನೆಯವರಿಂದ ಒಂದನೆಯವರಿಗೆ ಅಕ್ಷರ ತಿದ್ದಿಸಿ, ಮೂರನೆಯವರ ಮಗ್ಗಿಗೆ ಕಿವಿ ಕೊಡುತ್ತಿದ್ದರು. ಇವತ್ತಿಗೂ ಅವರು ಪೇಪರು ಓದುತ್ತ, ಹಿತ್ತಲಲ್ಲಿ ಕರು ಹಗ್ಗ ಬಿಚ್ಚಿಕೊಂಡದ್ದನ್ನೂ ಒಳಗೆ ಹಾಲು ಉಕ್ಕುವುದನ್ನೂ ಒಟ್ಟಿಗೇ ಕೇಳಿಸಿಕೊಳ್ಳಬಲ್ಲರು. ಮನೆಯಲ್ಲಿ ಯಾರು ಮಾತಾಡಿದರೂ ಅದು ಅವರಿಗೆ ತಲುಪುತ್ತದೆ. ಕುಟುಂಬಸ್ಥನಿಗೆ ಇದಕ್ಕಿಂತ ಒಳ್ಳೆಯ ತರಬೇತಿ ಇರಲಾರದು.

ಮಗ್ಗಿಯ ಮಾತು ಬಂತು. ಅವರು ಕಲಿತ ಕಾಲದಲ್ಲಿ ಒಂದೆರಡರ ಮಗ್ಗಿಯ ಜೊತೆಗೆ ಸವಾಯಿ, ದೀಡ, ಅಡೀಚ ಕೂಡ ಬಾಯಿಪಾಠ ಆಗಬೇಕಿತ್ತು. ಎಂದರೆ ಒಂದೂಕಾಲು, ಒಂದೂವರೆ, ಎರಡೂವರೆಯ ಮಗ್ಗಿಗಳು. ರೂಪಾಯಿಗೆ ಹದಿನಾರು ಆಣೆ ಇದ್ದಾಗ, ಧಾನ್ಯವನ್ನು ಸೇರು ಪಾವುಗಳಲ್ಲಿ ಅಳೆಯುತ್ತಿದ್ದಾಗ, ಕಾಲು ಅರೆಗಳೇ ವ್ಯವಹಾರದ ನಿಜವಾದ ಅಂಕಿಗಳು. 1957ರ ಏಪ್ರಿಲ್‌ನಲ್ಲಿ ನೂರು ನಯೇ ಪೈಸೆ ಬಂದವು. ಆಣೆ ಹೋಯಿತು, ಹಿಂದೆಯೇ ಆ ಮಗ್ಗಿಗಳೂ ಶಾಲೆಯಿಂದ ನಿಧಾನವಾಗಿ ಮರೆಯಾದವು. ಮಾವನ ಬಾಯಲ್ಲಿ ಉಳಿದವು.

ಅವನ್ನು ನಾನು ಮನಸ್ಸಿಟ್ಟು ಕೇಳಿದ್ದು ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ. ಎರೆಹೊಲದಲ್ಲಿ ಹಿಂಗಾರಿ ಜೋಳ ಎದೆಮಟ್ಟಕ್ಕೆ ನಿಂತಿತ್ತು, ಸಾಲಿನ ನಡುವೆ ಕುಸುಬಿ, ಆಚೆ ಕಡಲೆ. ಚರಗ ಚೆಲ್ಲಿ ಬಂದು ಬನ್ನಿ ಗಿಡದ ಬುಡಕ್ಕೆ ಕೂತು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಮೊಸರು ಬಡಿಸಿಕೊಂಡಿದ್ದೆವು. ಪಕ್ಕದ ಹೊಲದವರು ಮಾವನ ಹಳೆಯ ವಿದ್ಯಾರ್ಥಿ, ಈಗ ಅವರಿಗೂ ಅರವತ್ತು ದಾಟಿದೆ. “ನಮಸ್ಕಾರ್ರೀ ಗುರುಗಳ” ಎಂದು ಬಂದು ಕೂತು, ಹದಿಮೂರು ಎಕರೆಯಲ್ಲಿ ಎಕರೆಗೆ ಎರಡೂವರೆ ಚೀಲದಂತೆ ಕಡಲೆ ಬಂದರೆ ಎಷ್ಟಾದೀತು ಎಂದು ಮಾತಿಗೆ ಅಂದರು. ಕೈ ಜೇಬಿನ ಮೊಬೈಲಿನ ಕಡೆ ಹೋಗುವ ಮೊದಲೇ ಮಾವ ರೊಟ್ಟಿ ಮುರಿಯುತ್ತ, “ಹದಿಮೂರ ಅಡೀಚ್ಲೆ?” ಎಂದು ರಾಗ ಎಳೆದು ಬಿಟ್ಟರು. ಎದುರಿಗಿದ್ದವರು ಕಣ್ಣು ಮುಚ್ಚಿದರು. ಬಾಯಿ ಒಳಗೊಳಗೇ ಹತ್ತರಿಂದ ಹತ್ತಿ ಬಂತು. “ಮೂವತ್ತೆರಡೂವರಿ!” ಎಂದಾಗ ಅವರ ಮುಖದಲ್ಲಿ ಮೂಡಿದ ಹಿಗ್ಗು ಒಂಬತ್ತು ವರ್ಷದ ಹುಡುಗನದು. ಉತ್ತರವನ್ನು ತಾವೇ ಹೇಳಿಬಿಡುವುದು ಮಾವನಿಗೆ ಸುಲಭವಿತ್ತು. ಕೇಳಿದವನಿಂದಲೇ ಹೇಳಿಸುವ ಈ ತಾಳ್ಮೆಯನ್ನು ನಾನು ಯಾವ ಸಂಗೀತದ ಆಲಾಪಕ್ಕೂ ಕಡಿಮೆಯೆಂದು ಎಣಿಸಲಾರೆ.

ಅರ್ಜಿ ಬರೆಸಿಕೊಳ್ಳಲು ಬರುವವರಿಗೂ ಇದೇ ಉಪಚಾರ. ಪಂಚಾಯಿತಿಗೋ ತಹಶೀಲ್ದಾರ ಕಚೇರಿಗೋ ಅರ್ಜಿ ಬೇಕೆಂದು ಬಂದರೆ ಜಮಖಾನದ ಮೇಲೆ ಕೂರಿಸಿ, ಚಹಾ ತರಿಸಿ, ಕಾಗದ ಪೆನ್ನನ್ನು ಅವರ ಮುಂದೆಯೇ ಇಡುತ್ತಾರೆ. ಅದು ನವಲಗುಂದದ್ದೇ ಜಮಖಾನ, ಅಂಚು ಸವೆದರೂ ಕೆಂಪು ಬಣ್ಣ ಹಾಗೇ ಇದೆ. “ನೀ ಬರಿ, ನಾ ಹೇಳತೀನಿ.” ತಡವಾಗುತ್ತದೆ, ಆಗಲಿ. ಹಾಗೆ ಬರೆದ ಹೆಣ್ಣುಮಗಳೊಬ್ಬಳು ಮುಂದಿನ ಸಲ ಬರಲೇ ಇಲ್ಲ, ತಾನೇ ಬರೆದುಕೊಂಡು ಹೋದಳಂತೆ. ಅದನ್ನು ಅತ್ತೆ ನನಗೆ ಹೆಮ್ಮೆಯಿಂದ ಹೇಳಿದಳು.

ಪಿಂಚಣಿ, ಔಷಧ, ಆಕಳ ಹಿಂಡಿಯ ಲೆಕ್ಕಗಳೆಲ್ಲ ಒಂದು ವಹಿಯಲ್ಲಿವೆ, ಹಾಜರಿ ಪುಸ್ತಕದಷ್ಟೇ ಅಚ್ಚುಕಟ್ಟು. ಅದರಲ್ಲಿ ನಿಲ್ಲುವಂಥದ್ದು ಹೆಚ್ಚಿಲ್ಲ. ನಿಲ್ಲಬೇಕಾದದ್ದು ಅವರ ಅಂಚೆ ಕಾರ್ಡುಗಳಲ್ಲಿ. ಮಗಳು ಪುಣೆಯಲ್ಲಿ ಇದ್ದಾಳೆ. ಫೋನು ದಿನವೂ ಇದೆ, ಆದರೂ ಐವತ್ತು ಪೈಸೆಯ ಕಾರ್ಡು ನಿಲ್ಲಿಸಬಾರದೆಂದು ಅವಳೇ ಹಟ ಹಿಡಿದಳು. ಅಂಥ ಒಂದು ಕಾರ್ಡನ್ನು ಅವಳು ನನಗೆ ತೋರಿಸಿದಳು. ಹಸ್ತದ ಮಳೆ ಎರಡು ಪಾದ ಚೆನ್ನಾಗಿ ಆಯಿತು. ಬೆಣ್ಣೆಹಳ್ಳ ತುಂಬಿ ಬಂದು ಎರಡು ದಿನ ಬಸ್ಸು ಇರಲಿಲ್ಲ. ಕರಿ ಆಕಳು ಈದಿದೆ, ಹೆಣ್ಣು ಕರು, ಹಣೆಯ ಮೇಲೆ ಬಿಳಿ ಚುಕ್ಕೆ. ನಿಮ್ಮವ್ವನ ಮೊಣಕಾಲು ನೋವು ತುಸು ಕಡಿಮೆ, ಆದರೆ ಬೇಡವೆಂದರೂ ಮಾಳಿಗೆ ಹತ್ತುತ್ತಾಳೆ. ಇಷ್ಟೇ. ವಿಶೇಷಣಗಳಿಲ್ಲ, ಉಪದೇಶವಿಲ್ಲ. ಕಾರ್ಡಿನ ತಳದಲ್ಲಿ ಎರಡು ಬೆರಳಗಲ ಜಾಗ ಖಾಲಿ ಬಿಟ್ಟಿರುತ್ತಾರೆ, ಪ್ರತಿ ಕಾರ್ಡಿನಲ್ಲೂ. ಅದು ಅತ್ತೆಯದು. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟ ಅತ್ತೆ ಅಲ್ಲಿ ದೊಡ್ಡ ದೊಡ್ಡ ಅಕ್ಷರಗಳಲ್ಲಿ ತನ್ನ ಒಂದು ಸಾಲು ಬರೆಯುತ್ತಾಳೆ. ಆ ಕಾರ್ಡಿನಲ್ಲಿದ್ದದ್ದು: “ಮಾಳಿಗಿ ಹತ್ತಿದ್ದು ನಿನ್ನ ಉಪ್ಪಿನಕಾಯಿ ಭರಣಿ ತೆಗೆಯಾಕ.”

ಸಂಜೆಗೆ ಕುಮಾರವ್ಯಾಸ. ಕೋಳಿವಾಡ, ಅಣ್ಣಿಗೇರಿ, ಗದಗು ಎಲ್ಲ ಆಚೀಚೆಯ ಊರುಗಳೇ ಆದ್ದರಿಂದ ಅಲ್ಲಿ ಕವಿಗಳನ್ನು ಬೀಗರ ಹಾಗೆ ನೆನೆಯುತ್ತಾರೆ. ಗದುಗಿನ ವೀರನಾರಾಯಣನ ಗುಡಿಯ ಕಂಬ ಕುಮಾರವ್ಯಾಸನದು, ಅಣ್ಣಿಗೇರಿ ಪಂಪನ ತಾಯಿ ಅಬ್ಬಣಬ್ಬೆಯ ತವರು. ಮಾವ ಗಮಕಿಯಲ್ಲ, ದನಿ ಈಗ ನಡುಗುತ್ತದೆ. ಆದರೆ ಭಾಮಿನಿ ಷಟ್ಪದಿಯ ನಡಿಗೆ ಅವರಿಗೆ ಕರತಲಾಮಲಕ. ಮೂರು ನಾಲ್ಕು, ಮೂರು ನಾಲ್ಕು ಎಂದು ಹದಿನಾಲ್ಕು ಮಾತ್ರೆಯ ಎರಡು ಸಾಲು ನಡೆದು, ಮೂರನೆಯ ಸಾಲು ಇಪ್ಪತ್ತಮೂರಕ್ಕೆ ಚಾಚಿಕೊಳ್ಳುತ್ತದಲ್ಲ, ಅಲ್ಲಿ ಕೊನೆಯ ಗುರುವಿನ ಮೇಲೆ ಅವರು ನಿಂತು ಕೇಳುವವರ ಮುಖ ನೋಡುತ್ತಾರೆ. ಅರ್ಥ ತಲುಪಿತೋ ಇಲ್ಲವೋ ಎಂದು ಅಳೆಯುವ ನೋಟ ಅದು, ತರಗತಿಯ ನೋಟ. ಅತ್ತೆ ಮೊರದಲ್ಲಿ ಜೋಳ ಹಸನು ಮಾಡುತ್ತ ತಲೆಯಾಡಿಸಿದರೆ ಮುಂದಿನ ಅರ್ಧಕ್ಕೆ ಹೋಗುತ್ತಾರೆ. ಇಲ್ಲವಾದರೆ ಪುಸ್ತಕ ತೊಡೆಯ ಮೇಲಿಟ್ಟು ಬಿಡಿಸಿ ಹೇಳುತ್ತಾರೆ. ದ್ರೌಪದಿಯ ಪ್ರಸಂಗಗಳಲ್ಲಿ ಬಿಡಿಸಿ ಹೇಳುವ ಕೆಲಸ ಅತ್ತೆಯದು. ಮೊರದ ಸದ್ದು ನಿಲ್ಲುತ್ತದೆ, ಮಾವ ಕೇಳುತ್ತಾರೆ.

ಅವರ ಕಪಾಟಿನಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಒಂದು ಹಳೆಯ ರಟ್ಟಿನ ವಹಿ. ಹಳ್ಳಿಯ ಮಾಸ್ತರರಿಗೆ ಚುನಾವಣೆ, ಜನಗಣತಿ ಎಲ್ಲ ಬೆನ್ನಿಗಿದ್ದ ಕೆಲಸಗಳೇ. 1971, 1981, 1991ರ ಗಣತಿಗಳಿಗೆ ಮಾವ ಮನೆ ಮನೆ ತಿರುಗಿದರು. ಬಾಗಿಲಿಗೆ ಹೋಗಿ ಮನೆಯ ಯಜಮಾನನ ಹೆಸರು ಕೇಳಿದರೆ, ಗಂಡ ಹೊಲಕ್ಕೆ ಹೋಗಿರುವಾಗ, ಹೆಂಡತಿ ಹೆಸರು ಹೇಳಲೊಲ್ಲಳು. ಗಂಡನ ಹೆಸರು ಬಾಯಿಬಿಟ್ಟು ಹೇಳುವ ಪದ್ಧತಿ ಇಲ್ಲ. ಹೇಳಲೇಬೇಕಾದರೆ ಒಡಪು ಕಟ್ಟಿ, ಪ್ರಾಸದ ಮಡಿಕೆಯಲ್ಲಿ ಹೆಸರನ್ನು ಇಟ್ಟು ಹೇಳಬೇಕು, ಮದುವೆಯ ಹೊಸ್ತಿಲಲ್ಲಿ ಹೇಳುವ ಹಾಗೆ. ಬೇರೆ ಗಣತಿದಾರರು ನೆರೆಮನೆಯವರನ್ನು ಕೇಳಿ ಹೆಸರು ತುಂಬಿಕೊಂಡು ಮುಂದೆ ಹೋಗುತ್ತಿದ್ದರೇನೋ. ಮಾವ ಕಟ್ಟೆಯ ಮೇಲೆ ಕೂತು, “ಒಡಪು ಹಾಕಿ ಹೇಳವಾ ತಂಗಿ, ಬರಕೋತೀನಿ” ಎನ್ನುತ್ತಿದ್ದರು. ಸರಕಾರದ ಕಾಗದಕ್ಕೆ ಹೆಸರಷ್ಟೇ ಹೋಯಿತು. ಒಡಪು ಈ ವಹಿಗೆ ಬಂತು.

ಪುಟ ತಿರುವಿದರೆ ಊರಿನ ಹೆಣ್ಣುಮಕ್ಕಳೆಲ್ಲ ಅಲ್ಲಿದ್ದಾರೆ. ಮಲ್ಲಿಗೆ, ಬೆಳ್ಳಿಬಟ್ಟಲು, ಸವದತ್ತಿ ಯಲ್ಲಮ್ಮನ ಗುಡ್ಡ, ಹುಬ್ಬಳ್ಳಿಯ ರೈಲು, ಇಳಕಲ್ಲ ಸೀರೆಯ ಸೆರಗು. ಪ್ರತಿಯೊಂದರ ತುದಿಗೂ ಒಬ್ಬ ಗಂಡನ ಹೆಸರು ನಾಚಿಕೊಂಡು ಕೂತಿದೆ. ಕೆಲವು ಎರಡೇ ಸಾಲು, ಕೆಲವಕ್ಕೆ ಉಸಿರು ಸಾಲದು. ಮಾವ ಯಾವುದನ್ನೂ ತಿದ್ದಿಲ್ಲ. ಹೇಳಿದವಳ ಬಾಯಿಯ ಮಾತು ಹೇಗಿತ್ತೋ ಹಾಗೇ ಇಳಿಸಿದ್ದಾರೆ. ಶುದ್ಧ ಕನ್ನಡ ತಿದ್ದಿ ತಿದ್ದಿ ಬದುಕಿದವರು ಇಲ್ಲಿ ಕೈ ತಡೆದುಕೊಂಡದ್ದು ದೊಡ್ಡ ರಸಿಕತೆ ಎಂದು ನಾನು ತಿಳಿದಿದ್ದೇನೆ.

ಕಳೆದ ದೀಪಾವಳಿಗೆ ಮೊಮ್ಮಗಳು ಆ ವಹಿಯನ್ನು ತೆಗೆದು ಗಟ್ಟಿಯಾಗಿ ಓದುತ್ತಿದ್ದಳು. ಅಡುಗೆಮನೆಯಿಂದ ಅತ್ತೆ ಕರ್ಚಿಕಾಯಿಯ ಹಿಟ್ಟಿನ ಕೈಯಲ್ಲೇ ಬಂದಳು. “ರೀ, ಅದು ಪೂರಾ ಇಲ್ಲ. ಸರಕಾರದ ಮನಶ್ಯಾ ಬಾಗಲಾಗ ಬಂದು ಕುಂತರ ಯಾರ ಪೂರಾ ಹೇಳತಾರ? ನಡಬರಕ ಎರಡ ಸಾಲು ನುಂಗ್ಯಾಳ ಆಕಿ.” ಹಿಂದಿನ ಪುಟ ತೆಗೆಸಿದಳು, ಅಲ್ಲೂ ಹಾಗೇ. ನೀರಿಗೆ ಹೋದಾಗ, ಬೀಸುವಾಗ, ಕುಬಸದ ಮನೆಯಲ್ಲಿ ಆ ಹೆಣ್ಣುಮಕ್ಕಳ ಬಾಯಿಂದಲೇ ಪೂರ್ತಿ ಕೇಳಿದವಳು ಅತ್ತೆ. ಅಂದಿನಿಂದ ಮಧ್ಯಾಹ್ನದ ಊಟ ಮುಗಿದ ಮೇಲೆ ಇಬ್ಬರೂ ಆ ವಹಿಗೆ ಕೂರುತ್ತಾರೆ. ಅತ್ತೆ ಹೇಳುತ್ತಾಳೆ, ಮಾವ ಕೆಂಪು ಶಾಯಿಯಲ್ಲಿ ಅಂಚಿಗೆ ಬರೆದುಕೊಳ್ಳುತ್ತಾರೆ. ವೇಗವಾಯಿತೆಂದು ಮಾವ ಕೈ ಎತ್ತಿದರೆ ಅತ್ತೆ ಹಿಂದಿನ ಸಾಲಿನಿಂದ ಮತ್ತೆ ಹಿಡಿಯುತ್ತಾಳೆ. ಬರೆದದ್ದನ್ನು ಮಾವ ಓದಿ ತೋರಿಸಬೇಕು. ಒಂದು ಪದ ತಪ್ಪಿದರೆ ಅತ್ತೆ ಮುಂದಕ್ಕೆ ಬಿಡುವುದಿಲ್ಲ. ಈಗ 1981ರ ಗಣತಿಯ ತಳವಾರ ಓಣಿಯ ತನಕ ಬಂದಿದ್ದಾರೆ.