ಕೊಡಲಿಯ ಕತೆ, ಕೆಸರಿನ ಕತೆ

ಕರಾವಳಿಯ ದೇವಸ್ಥಾನಗಳ ಬ್ರಹ್ಮಕಲಶದ ಸ್ಮರಣ ಸಂಚಿಕೆಗಳಲ್ಲಿ ಪರಶುರಾಮ ಸಾಮಾನ್ಯವಾಗಿ ಮೊದಲ ಪುಟಗಳಲ್ಲೇ ಸಿಗುತ್ತಾನೆ. ಸಹ್ಯಾದ್ರಿಯ ಮೇಲಿಂದ ಕೊಡಲಿ ಬೀಸುತ್ತಾನೆ, ಕಡಲು ಹಿಂದೆ ಸರಿಯುತ್ತದೆ, ನೆಲ ಮೇಲೇಳುತ್ತದೆ. ಪುಟ ತಿರುಗಿಸಿದರೆ ಆಡಳಿತ ಮೊಕ್ತೇಸರರ ಫೋಟೊ. ನಡುವಿನ ಕಾಲವೆಲ್ಲ ಆ ಹಾಳೆಯ ಮಡಿಕೆಯಲ್ಲಿ ಸಿಕ್ಕಿಕೊಂಡಿದೆ.

'ಪರಶುರಾಮ ಸೃಷ್ಟಿ' ಒಂದೇ ಸಲಕ್ಕೆ ಹುಟ್ಟಿದ ಕತೆಯಲ್ಲ. ಮಹಾಭಾರತದ ಶಾಂತಿಪರ್ವದಲ್ಲಿ, ಗೆದ್ದ ಭೂಮಿಯನ್ನೆಲ್ಲ ಕಶ್ಯಪನಿಗೆ ಕೊಟ್ಟು ಬರಿಗೈಯಾದವನಿಗೆ ಸಮುದ್ರವೇ ಶೂರ್ಪಾರಕವೆಂಬ ಜಾಗ ಮಾಡಿಕೊಡುತ್ತದೆ. ಅದು ಈಗಿನ ಮುಂಬೈ ಬಳಿಯ ಸೋಪಾರ. ಸಹ್ಯಾದ್ರಿಖಂಡ, ಕೇರಳೋತ್ಪತ್ತಿ, ಗ್ರಾಮಪದ್ಧತಿಯಂಥ ಸ್ಥಳಪುರಾಣಗಳಿಗೆ ಬರುವ ಹೊತ್ತಿಗೆ ನೆಲದ ಜೊತೆ ಹಕ್ಕುಪತ್ರವೂ ಸೇರಿರುತ್ತದೆ: ಬ್ರಾಹ್ಮಣರ 64 ಗ್ರಾಮಗಳು, ಅದರಲ್ಲಿ 32 ತುಳುನಾಡಿಗೆ, 32 ಕೇರಳಕ್ಕೆ. ಗ್ರಾಮಪದ್ಧತಿಯಲ್ಲಿ ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತರುವವನು ಕದಂಬ ದೊರೆ ಮಯೂರವರ್ಮ. ಅದೇ ದೊರೆ, ತಾಳಗುಂದದ ಶಾಸನದ ಮಯೂರಶರ್ಮನಾದರೋ ಕಂಚಿಗೆ ಓದಲು ಹೋಗಿ, ಪಲ್ಲವರ ಕುದುರೆಯವನೊಡನೆ ಜಗಳವಾಗಿ ಕತ್ತಿ ಹಿಡಿದವನು. ಅಲ್ಲಿ ಅಹಿಚ್ಛತ್ರದ ಸುದ್ದಿಯಿಲ್ಲ.

ನೆಲವೇ ಹೊಚ್ಚ ಹೊಸದು ಎಂದಮೇಲೆ ಅಲ್ಲಿ ಮೊದಲೇ ಇದ್ದವರು ಯಾರು ಎಂದು ಕೇಳುವ ಹಾಗಿಲ್ಲ. ಕತೆಯ ಜಾಣ್ಮೆ ಇರುವುದು ಕೊಡಲಿಯಲ್ಲಲ್ಲ, ಆ ಖಾಲಿ ನೆಲದಲ್ಲಿ. ಕಡಲು ಸರಿದದ್ದು ಭೂವಿಜ್ಞಾನಕ್ಕೂ ಒಪ್ಪಿಗೆ ಎನ್ನುವವರಿಗೆ ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲು ತೋರಿಸಬೇಕು. ಅದರ ವಯಸ್ಸು ಸುಮಾರು 8.8 ಕೋಟಿ ವರ್ಷ. ನೋಡಿ ನೆನಪಿಟ್ಟುಕೊಳ್ಳಲು ಆಗ ಮನುಷ್ಯರೇ ಇರಲಿಲ್ಲ.

ತುಳುವಿನ ಹಾಡುಗತೆಗಳಾದ ಪಾಡ್ದನಗಳ ಜಗಳವೇ ಬೇರೆ. ನೆಲ ಎತ್ತಿದವರು ಯಾರು ಎನ್ನುವುದಕ್ಕಿಂತ, ಅದರ ಮೇಲೆ ಯಾರು ಯಾರಿಗೆ ಅನ್ಯಾಯ ಮಾಡಿದರು ಎನ್ನುವುದು ಅವಕ್ಕೆ ಮುಖ್ಯ. ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನ 1998ರಲ್ಲಿ ಅಚ್ಚಾದಾಗ 15,683 ಸಾಲಾಯಿತು. ಗಂಡನನ್ನು ತೊರೆದು ಮಗುವಿನೊಡನೆ ಹೊರಬಿದ್ದ ಹೆಣ್ಣಿನಿಂದ ಹೊರಟ ಕತೆ ಅವಳ ಮೊಮ್ಮಕ್ಕಳಾದ ಅಬ್ಬಗ-ದಾರಗರ ಚೆನ್ನೆಮಣೆಗೆ ಬಂದು ಮುಟ್ಟುತ್ತದೆ. ಅಕ್ಕತಂಗಿಯರ ಆಟ, ಮಾತಿಗೆ ಮಾತು, ಕೊನೆಗೆ ಆ ಮಣೆಯಿಂದಲೇ ಹೊಡೆತ. ಇಷ್ಟು ಉದ್ದದ ಕಾವ್ಯ ಒಂದು ಮರದ ತುಂಡಿನ ಮೇಲೆ ಒಡೆಯುವುದು ನನಗೆ ಕಡಲು ಸರಿಯುವುದಕ್ಕಿಂತ ದೊಡ್ಡ ಕಲ್ಪನೆಯೆನಿಸುತ್ತದೆ.

ಹಾಗೆಂದು ಪಾಡ್ದನವನ್ನೇ 'ನಿಜವಾದ ಇತಿಹಾಸ' ಎಂದು ಹೊತ್ತು ಮೆರೆಸುವ ಈಚಿನ ಉತ್ಸಾಹವೂ ನನಗೆ ಒಪ್ಪಿಗೆಯಿಲ್ಲ. ಕಲ್ಕುಡ ದೈವದ ಪಾಡ್ದನದಲ್ಲಿ, ಕಾರ್ಕಳದ ಗೊಮ್ಮಟನನ್ನು ಕಡೆದ ಕಲ್ಕುಡನ ಒಂದು ಕೈ, ಒಂದು ಕಾಲನ್ನು ಅರಸ ಕಡಿಸುತ್ತಾನೆ. ಉಳಿದ ಒಂದು ಕೈ, ಒಂದು ಕಾಲಿನಲ್ಲೇ ಅವನು ವೇಣೂರಿನ ಗೊಮ್ಮಟನನ್ನು ನಿಲ್ಲಿಸುತ್ತಾನೆ. ಕಾರ್ಕಳದ ಮೂರ್ತಿ 1432ರದ್ದು, ವೇಣೂರಿನದು 1604ರದ್ದು. ನಡುವಿನ 172 ವರ್ಷವನ್ನು ಪಾಡ್ದನ ಒಬ್ಬನ ಆಯುಸ್ಸಿಗೆ ಮಡಚಿದೆ. ತಾರೀಖು ತಪ್ಪಿರಬಹುದು, ಕೂಲಿಯ ಬದಲು ಕೈ ಕಡಿಸಿಕೊಂಡವನ ಸಿಟ್ಟು ಕಲ್ಕುಡನ ಕೋಲದಲ್ಲಿ ಇನ್ನೂ ಆರಿಲ್ಲ.

ಕಡಲಿನಿಂದ ನೆಲ ಪಡೆದವರನ್ನು ಕಣ್ಣಾರೆ ನೋಡಬೇಕಿದ್ದರೆ ಕುಮಟಾ ತಾಲೂಕಿನ ಮಾಣಿಕಟ್ಟಾಕ್ಕೆ ಹೋಗಬೇಕು. ಕೇರಳೋತ್ಪತ್ತಿ ಪರಶುರಾಮನ ನಾಡಿಗೆ ಬಡಗಣ ಗಡಿ ಹಾಕಿದ ಗೋಕರ್ಣವೂ ಇದೇ ತಾಲೂಕು. ಅಘನಾಶಿನಿಯ ಅಳಿವೆಯಲ್ಲಿ ಉಪ್ಪುನೀರನ್ನು ಮಣ್ಣಿನ ಕಟ್ಟೆಯಿಂದ ತಡೆದು ಮಾಡಿದ ಗದ್ದೆಗೆ ಅಲ್ಲಿ ಗಜನಿ ಎನ್ನುತ್ತಾರೆ. ಬೆಳೆಯುವುದು ಕಗ್ಗ, ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ಎತ್ತರದ ಭತ್ತ. ಮಳೆ ಬಂದು ಮಣ್ಣಿನ ಉಪ್ಪು ತೊಳೆಯಬೇಕು. ಕಟ್ಟೆಯಲ್ಲಿಟ್ಟ ಹಲಗೆಯ ಬಾಗಿಲನ್ನು ಉಬ್ಬರ-ಇಳಿತಕ್ಕೆ ತಕ್ಕಂತೆ ಹಾಕಿ ತೆಗೆಯಬೇಕು. ಸೀಗಡಿ ಸಾಕಣೆ ಬಂದ ಮೇಲೆ ಕಗ್ಗದ ಗದ್ದೆ ಕುಗ್ಗಿದೆ. ಇರುವಷ್ಟರಲ್ಲಿ ಮಳೆಗಾಲಕ್ಕೆ ಮೊದಲು ಈಗಲೂ ಯಾರಾದರೂ ಸೊಂಟಮಟ್ಟದ ಕೆಸರಿಗಿಳಿದು, ಏಡಿ ಕೊರೆದ ತೂತುಗಳಿಗೆ ಜೇಡಿಮಣ್ಣು ಮೆತ್ತಬೇಕು.