ಫೋನೊ ಪ್ರಿಆಂಪ್ಲಿಫೈಯರ್: ನಕ್ಷೆ ಇದೆ, ಲೆಕ್ಕ ಎಲ್ಲಿ?

ಹಳೆಯ ಎಲ್.ಪಿ. ತಟ್ಟೆಗಳನ್ನು ನುಡಿಸಲು ಫೋನೊ ಪ್ರಿಆಂಪ್ಲಿಫೈಯರನ್ನು ಮನೆಯಲ್ಲೇ ಕಟ್ಟಬೇಕೆಂದು ನೀವು ಹೊರಟರೆ ಮಂಡಲದ ನಕ್ಷೆಗಳಿಗೇನೂ ಕೊರತೆಯಿಲ್ಲ. ಹವ್ಯಾಸಿಗಳ ಪತ್ರಿಕೆ, ಕೈಪಿಡಿ, ಅಂತರಜಾಲ ಎಲ್ಲೆಡೆಯೂ ಸಿಗುತ್ತವೆ. ಬಹುಪಾಲು ಒಂದೇ ಅಚ್ಚಿನವು. ಒಂದು ಆಪ್‌-ಆಂಪ್ ಐ.ಸಿ., ನಾಲ್ಕಾರು ರೆಸಿಸ್ಟರು, ಅಷ್ಟೇ ಕೆಪಾಸಿಟರು, ಜೊತೆಗೆ ‘ಜೋಡಿಸಿ, ಆಲಿಸಿ’ ಎನ್ನುವ ಧಾಟಿಯ ಎರಡು ಪ್ಯಾರಾ. ಇಂಥ ಲೇಖನಗಳ ಮೇಲೆ ನನ್ನ ಆಕ್ಷೇಪಣೆ ಇಷ್ಟೆ: ಬಿಡಿಭಾಗಗಳ ಮೌಲ್ಯವನ್ನು ಕೊಡುತ್ತವೆ, ಅದು ಎಲ್ಲಿಂದ ಬಂತೆಂದು ಹೇಳುವುದಿಲ್ಲ. ಮೌಲ್ಯ ತಪ್ಪಿದ್ದರೂ ಓದುಗನಿಗೆ ಗೊತ್ತಾಗುವ ದಾರಿಯಿಲ್ಲ.

ಈ ಉಪಕರಣದ ಕೆಲಸ ಸಂಕೇತವನ್ನು ಹಿಗ್ಗಿಸುವುದಷ್ಟೇ ಅಲ್ಲ. ತಟ್ಟೆಯನ್ನು ಕೊರೆಯುವಾಗ ಮಂದ್ರ ಸ್ವರಗಳನ್ನು ತಗ್ಗಿಸಿ ತಾರ ಸ್ವರಗಳನ್ನು ಏರಿಸಿರುತ್ತಾರೆ. ಇಲ್ಲವಾದರೆ ಗೀರುಗಳು ಅತಿಯಾಗಿ ಅಗಲವಾಗುತ್ತವೆ, ಸೂಜಿಯ ಗೊರಗೊರ ಶಬ್ದವೂ ಎದ್ದು ಕೇಳುತ್ತದೆ. ನುಡಿಸುವಾಗ ಇದನ್ನು ತಿರುಗುಮುರುಗು ಮಾಡಬೇಕು. 1954ರ ಹೊತ್ತಿಗೆ ನೆಲೆಗೊಂಡ ಆರ್.ಐ.ಎ.ಎ. ಮಾನಕದಲ್ಲಿ ಇದಕ್ಕೆ ಮೂರು ಕಾಲಸ್ಥಿರಾಂಕಗಳಿವೆ: 3180, 318 ಮತ್ತು 75 ಮೈಕ್ರೊಸೆಕೆಂಡು. 1000 ಹರ್ಟ್ಸ್‌ನಲ್ಲಿನ ವರ್ಧನೆಯನ್ನು 1 ಎಂದಿಟ್ಟುಕೊಂಡರೆ 50 ಹರ್ಟ್ಸ್‌ನಲ್ಲಿ ಅದು ಸುಮಾರು 7, 10,000 ಹರ್ಟ್ಸ್‌ನಲ್ಲಿ ಐದರಲ್ಲೊಂದು ಭಾಗ.

ಎಡವಟ್ಟಾಗುವುದು ಇಲ್ಲಿಯೇ. ಕೆನಡದ ವಾಟರ್ಲೂ ವಿಶ್ವವಿದ್ಯಾಲಯದ ಸ್ಟಾನ್ಲಿ ಲಿಪ್‌ಶಿಟ್ಸ್ 1979ರಲ್ಲಿ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದ ಪ್ರಬಂಧದಲ್ಲಿ ಇದನ್ನು ಬಿಡಿಸಿ ತೋರಿಸಿದರು. ಫೀಡ್‌ಬ್ಯಾಕ್ ಜಾಲದ ಭಾಗಗಳು ಒಂದರ ಮೇಲೊಂದು ಪ್ರಭಾವ ಬೀರುತ್ತವೆ. ಮೂರೂ ಕಾಲಸ್ಥಿರಾಂಕಗಳನ್ನು ಬಿಡಿಬಿಡಿಯಾಗಿ ಲೆಕ್ಕ ಹಾಕುವಂತಿಲ್ಲ. ಒಂದು ಉದಾಹರಣೆ ನೀವೇ ಮಾಡಿ ನೋಡಿ. ಸಮಾಂತರವಾಗಿರುವ ಆರ್1–ಸಿ1 ಜೋಡಿ, ಅದರೊಡನೆ ಸರಣಿಯಲ್ಲಿ ಸಮಾಂತರವಾಗಿರುವ ಆರ್2–ಸಿ2 ಜೋಡಿ. ಆರ್1 = 47 ಕಿಲೊಓಮ್ ಆದರೆ ಸಿ1 ಸುಮಾರು 68 ನ್ಯಾನೊಫ್ಯಾರಡ್. 318 ಎಂದರೆ 3180ರ ಹತ್ತನೇ ಒಂದು ಭಾಗ ತಾನೇ ಎಂದು ಆರ್2ಗೆ 4.7 ಕಿಲೊಓಮ್, ಸಿ2ಗೆ 16 ನ್ಯಾನೊಫ್ಯಾರಡ್ ಹಾಕಿದರೆ, ನಿಜವಾಗಿ ಸಿಗುವ ನಡುವಿನ ಕಾಲಸ್ಥಿರಾಂಕ 318 ಅಲ್ಲ, ಸುಮಾರು 357. ಆರ್1 ಮತ್ತು ಆರ್2ರ ಅನುಪಾತ 10 ಅಲ್ಲ, 11.78 ಇರಬೇಕು. ಅಂದರೆ ಆರ್2 ಸುಮಾರು 4 ಕಿಲೊಓಮ್, ಸಿ2 ಸುಮಾರು 18.8 ನ್ಯಾನೊಫ್ಯಾರಡ್.

ತಪ್ಪಿನಿಂದ ಮಂದ್ರ ಸ್ವರಗಳು ಸುಮಾರು 0.8 ಡೆಸಿಬೆಲ್ ತಗ್ಗುತ್ತವೆ. ಅಷ್ಟೇ ತಾನೇ ಎನ್ನಬಹುದು. ಆದರೆ ವಿಶಾಲವಾದ ಆವೃತ್ತಿ ವ್ಯಾಪ್ತಿಯಲ್ಲಿ ಹರಡಿದ ಇಂಥ ಓರೆ ದನಿಯ ಬಣ್ಣವನ್ನೇ ಬದಲಿಸುತ್ತದೆ. ‘ಈ ಐ.ಸಿ.ಯ ಬಾಸ್ ತೆಳುವು’ ಎಂದು ಚಿಪ್ಪನ್ನು ಬೈದು, ಇನ್ನೊಂದನ್ನು ತಂದು ಹಾಕುವವರಿದ್ದಾರೆ. ಈಗ ಎಷ್ಟೋ ಮನೆಗಳಲ್ಲಿ ತಟ್ಟೆಗಳನ್ನು ಕಂಪ್ಯೂಟರಿಗೆ ಇಳಿಸಿಡುತ್ತಾರೆ. ತಟ್ಟೆ ಸವೆದ ಮೇಲೆ ಉಳಿಯುವುದು ಆ ಪ್ರತಿಯೇ, ಅದರಲ್ಲಿನ ತಪ್ಪಿನ ಸಮೇತ.

ಗುಂಯ್‌ಗುಡುವ ಹಮ್ಮಿನ ವಿಚಾರದಲ್ಲಿ ಲೇಖನಗಳು ಇನ್ನೂ ಜಿಪುಣ. ಚಲಿಸುವ ಅಯಸ್ಕಾಂತದ ಕಾರ್ಟ್‌ರಿಜ್ ಕೊಡುವುದು ಸುಮಾರು 5 ಮಿಲಿವೋಲ್ಟ್. ಅದನ್ನು 1000 ಹರ್ಟ್ಸ್‌ನಲ್ಲಿ ನೂರು ಪಟ್ಟು ಹಿಗ್ಗಿಸಿದಾಗ, ನಮ್ಮ ಮನೆಯ ವಿದ್ಯುತ್ತಿನ 50 ಹರ್ಟ್ಸ್ ಏಳುನೂರು ಪಟ್ಟು ಹಿಗ್ಗುತ್ತದೆ! ಮೊದಲು ಇನ್‌ಪುಟ್ಟನ್ನು ಶಾರ್ಟ್ ಮಾಡಿ ಕೇಳಿ. ಹಮ್ಮು ಉಳಿದರೆ ದೋಷ ಪೆಟ್ಟಿಗೆಯೊಳಗೆ. ಹೋದರೆ ಹೊರಗಿನ ತಂತಿಯಲ್ಲಿ, ಕಾರ್ಟ್‌ರಿಜ್‌ನಲ್ಲಿ ಇಲ್ಲವೇ ಅರ್ತ್ ಜೋಡಣೆಯಲ್ಲಿ. ಬ್ರಿಡ್ಜ್ ರೆಕ್ಟಿಫೈಯರಿನ ಫಿಲ್ಟರ್ ಸಾಲದಿದ್ದರೆ ಕೇಳುವುದು 100 ಹರ್ಟ್ಸ್, ಒಂದು ಸ್ಥಾಯಿ ಮೇಲೆ. ಟ್ರಾನ್ಸ್‌ಫಾರ್ಮರು ಕಾರ್ಟ್‌ರಿಜ್‌ಗೆ ಹತ್ತಿರವಿದ್ದರೆ 50 ಹರ್ಟ್ಸ್. ದೂರ ಸರಿಸಿದರೆ ಕಡಿಮೆಯಾಗುತ್ತದೆ. ಮೂರು ಪಿನ್ನಿನ ಪ್ಲಗ್ಗಿನ ಅರ್ತ್ ತಂತಿಯನ್ನೇ ಕಿತ್ತುಹಾಕಿ ಎಂದು ಸಲಹೆ ಕೊಡುವವರೂ ಇದ್ದಾರೆ. ಅದು ಪ್ರಾಣಕ್ಕೇ ಸಂಚಕಾರ, ವಿದ್ಯಾರ್ಥಿಗಳಿಗೆ ಖಂಡಿತ ಹೇಳಕೂಡದು.

ಕಾಲೇಜಿನ ಪ್ರಯೋಗಶಾಲೆಯಲ್ಲಿ ಸಿಗ್ನಲ್ ಜನರೇಟರ್, ಆಸಿಲೋಸ್ಕೋಪ್ ಇದ್ದರೆ ಯಾವ ನಕ್ಷೆಯನ್ನೂ ಅರ್ಧ ಗಂಟೆಯಲ್ಲಿ ಪರೀಕ್ಷಿಸಬಹುದು. 10 ಕಿಲೊಓಮ್ ಮತ್ತು 100 ಓಮ್ ರೆಸಿಸ್ಟರುಗಳಿಂದ ಸಂಕೇತವನ್ನು ನೂರನೇ ಒಂದು ಭಾಗಕ್ಕೆ ಇಳಿಸಿ 1 ಮಿಲಿವೋಲ್ಟ್ ಕೊಡಿ. 1000 ಹರ್ಟ್ಸ್‌ನಲ್ಲಿ 100 ಮಿಲಿವೋಲ್ಟ್ ಬಂದರೆ, 50ರಲ್ಲಿ ಸುಮಾರು 700, 10,000ದಲ್ಲಿ ಸುಮಾರು 20 ಬರಬೇಕು. ಸಾಮಾನ್ಯ ಮಲ್ಟಿಮೀಟರನ್ನು ಈ ಕೊನೆಯ ಅಳತೆಗೆ ನಂಬಬೇಡಿ. ಅದರ ಎ.ಸಿ. ಅಳತೆ ಅಷ್ಟು ಎತ್ತರದ ಆವೃತ್ತಿಗೆ ಹೊಂದುವುದಿಲ್ಲ.

ನಕ್ಷೆ ಆರಿಸುವ ಮೊದಲು ನಿಮ್ಮ ಪ್ಲೇಯರಿನ ಕಾರ್ಟ್‌ರಿಜ್ ಯಾವುದೆಂದೂ ನೋಡಿಕೊಳ್ಳಿ. ಅಗ್ಗದ ಹಳೆಯ ಪ್ಲೇಯರುಗಳ ಸೆರಾಮಿಕ್ ಕಾರ್ಟ್‌ರಿಜ್‌ಗೆ ಈ ಮಂಡಲವೇ ಬೇಡ. ಇನ್ನು 1954ಕ್ಕೆ ಹಿಂದಿನ 78 ವೇಗದ ತಟ್ಟೆಗಳನ್ನು ಕಂಪನಿಗೊಂದು ರೀತಿಯಲ್ಲಿ ಕೊರೆದಿದ್ದಾರೆ, ಆರ್.ಐ.ಎ.ಎ. ಜಾಲ ಅವಕ್ಕೆ ಹೊಂದದು. ಅವಕ್ಕೆ ಬೇರೆ ಮೌಲ್ಯದ ಜಾಲವೂ ಬೇಕು, ಅಗಲ ಗೀರಿಗೆ ತಕ್ಕ ದಪ್ಪ ಸೂಜಿಯೂ ಬೇಕು.